ಹುಳಿಯಿಲ್ಲದ ನಿಂಬೆಯ ಪರಿಮಳ: ಚಳಿಗಾಲದ ಒಂದು ಬಟ್ಟಲು ಚಹವನ್ನು ಕುರಿತು

ಶಾಲೆಯ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯರು ಪರೀಕ್ಷೆಯ ಫಲಿತಾಂಶ, ಹೊಸ ಕಟ್ಟಡ, ಆಟೋಟಗಳು ಇವುಗಳ ವಿಷಯವಾಗಿ ಬರೆಯುವುದು ವಾಡಿಕೆ. ಅವುಗಳ ವರದಿ ಬೇರೆ ಪುಟಗಳಲ್ಲಿ ಉಂಟು. ಈ ಕೆಲವು ಪುಟಗಳನ್ನು ನಾವು ಒಂದು ಬಟ್ಟಲು ಚಹಕ್ಕೆ ಮೀಸಲಾಗಿಟ್ಟಿದ್ದೇವೆ. ಇದೇನು ಹಗುರವಾದ ವಿಷಯವೆಂದು ವಾಚಕರು ನಗಬಾರದು. ದಿನಕ್ಕೆ ಎರಡು ಮೂರು ಸಾರಿ ಬಾಯಿಗೆ ಹೋಗುವ ಪದಾರ್ಥವನ್ನು ಅರಿಯದೆ, ದೂರದ ನಕ್ಷತ್ರಗಳನ್ನು ಅರಿತೆವೆಂದು ಹೇಳಿಕೊಳ್ಳುವುದು ಶಾಲೆಗೆ ಭೂಷಣವಲ್ಲ.

ನಮ್ಮಲ್ಲಿ ಓದಿದವರಲ್ಲಿ ಅನೇಕರು ಈಗ ಚಳಿದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಅವರು ಊರಿಗೆ ಬರುವಾಗ ತರುವ ಉಡುಗೊರೆಗಳಲ್ಲಿ ಒಂದು ಬಗೆಯ ಚಹದ ಡಬ್ಬಿ ಆಗಾಗ ಕಾಣುವುದು. ಮುಚ್ಚಳ ತೆರೆದೊಡನೆ ನಿಂಬೆಯದೋ ಕಿತ್ತಳೆಯದೋ ಎನಿಸುವ ಪರಿಮಳ ಕೋಣೆಯನ್ನೆಲ್ಲ ತುಂಬುವುದು. ಡಬ್ಬಿಯ ಮೇಲೆ 'ಅರ್ಲ್ ಗ್ರೇ' ಎಂಬ ಹೆಸರು. ತಾಯಂದಿರು ಕೇಳುವ ಪ್ರಶ್ನೆ ಒಂದೇ: "ಇದರಲ್ಲಿ ನಿಂಬೆಹಣ್ಣು ಹಾಕಿದ್ದಾರೆಯೇ? ಹಾಕಿದ್ದರೆ ಹುಳಿಯಾಗಬೇಕಿತ್ತಲ್ಲ?" ಈ ಪ್ರಶ್ನೆ ಸಣ್ಣದಾಗಿ ಕಂಡರೂ ಇದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಒಂದು ಹಣ್ಣಿನ ಕಥೆಯನ್ನೂ ಒಬ್ಬ ಪ್ರಭುವಿನ ಹೆಸರನ್ನೂ ನಮ್ಮ ನಾಲಿಗೆ ಮೂಗುಗಳ ಸಂಬಂಧವನ್ನೂ ತಿಳಿಯಬೇಕಾಗುತ್ತದೆ. ಕೊನೆಗೆ ಅದು ನಮ್ಮ ಹುಡುಗಿಯರ ಆರೋಗ್ಯದ ವಿಷಯಕ್ಕೂ ಬಂದು ಮುಟ್ಟುವುದು.

ಮೊದಲು ಹಣ್ಣಿನ ವಿಚಾರ. ಈ ಚಹಕ್ಕೆ ಪರಿಮಳ ಕೊಡುವುದು ನಮ್ಮ ನಿಂಬೆಯಲ್ಲ, ಬೆರ್ಗಮಾಟ್ ಎಂಬ ಬೇರೊಂದು ಹಣ್ಣು. ಇಟಲಿ ದೇಶದ ಭೂಪಟವನ್ನು ನೋಡಿದವರಿಗೆ ಅದು ಕಾಲಿಗೆ ತೊಡುವ ಬೂಟಿನ ಆಕಾರದಲ್ಲಿರುವುದು ನೆನಪಿದ್ದೀತು. ಆ ಬೂಟಿನ ಬೆರಳತುದಿಯಲ್ಲಿ, ಸಿಸಿಲಿ ದ್ವೀಪಕ್ಕೆ ಎದುರಾಗಿ, ಕಲಾಬ್ರಿಯ ಸೀಮೆಯ ರೆಜ್ಜೊ ಪಟ್ಟಣ ಉಂಟು. ಆ ಪಟ್ಟಣದ ಆಚೀಚೆ ಸಮುದ್ರತೀರದ ಕಿರಿದಾದ ಪಟ್ಟಿಯಲ್ಲಿ ಬೆರ್ಗಮಾಟ್ ತೋಟಗಳಿವೆ. ಲೋಕದಲ್ಲಿ ಬೆಳೆಯುವ ಬೆರ್ಗಮಾಟಿನ ಬಹುಪಾಲು ಇಂದಿಗೂ ಈ ಒಂದೇ ಕರಾವಳಿಯಿಂದ ಬರುತ್ತದೆ. ಕಾಯಿ ಕಿತ್ತಳೆಯ ಗಾತ್ರದ್ದು. ಮೊದಲು ಹಸಿರಾಗಿದ್ದು ಹಣ್ಣಾದಂತೆ ಹಳದಿಗೆ ತಿರುಗುವುದು. ನವೆಂಬರಿನಿಂದ ಮಾರ್ಚಿಯವರೆಗೆ, ಅಂದರೆ ಚಳಿಗಾಲದಲ್ಲಿಯೇ, ಅದರ ಕೊಯ್ಲು. ವಂಶವನ್ನು ಪರೀಕ್ಷಿಸಿದ ಶಾಸ್ತ್ರಜ್ಞರು ಇದು ಹುಳಿಕಿತ್ತಳೆಗೂ ದೊಡ್ಡ ಹಳದಿ ನಿಂಬೆಗೂ ಹುಟ್ಟಿದ ಸಂಕರವೆಂದು ನಿರ್ಣಯಿಸಿದ್ದಾರೆ. ಆದಕಾರಣವೇ ಅದರ ಪರಿಮಳದಲ್ಲಿ ನಮಗೆ ಒಮ್ಮೆ ಕಿತ್ತಳೆಯೂ ಒಮ್ಮೆ ನಿಂಬೆಯೂ ತೋರಿ ಮರೆಯಾಗುತ್ತವೆ. ನಮ್ಮ ಹೇರಳೆ, ಕಂಚಿ, ಮಾದಲ, ಚಕ್ಕೋತಗಳು ಒಂದೇ ಮನೆತನದವಾದರೂ ಒಂದರಂತೆ ಒಂದಿಲ್ಲ. ಹಾಗೆಯೇ ಇದೂ ಆ ಮನೆತನದ ಮತ್ತೊಬ್ಬ ಮಗಳು. ಇದರ ರಸ ಹುಳಿಯೊಡನೆ ಕಹಿಯೂ ಆಗಿರುವುದರಿಂದ ಕಿತ್ತಳೆಯಂತೆ ಸುಲಿದು ತಿನ್ನುವವರು ವಿರಳ. ಇದರ ಬೆಲೆಯೆಲ್ಲ ಸಿಪ್ಪೆಯಲ್ಲಿದೆ.

ಸಿಪ್ಪೆಯಲ್ಲಿ ಏನಿದೆಯೆಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕೊಡಗಿನ ಕಿತ್ತಳೆ ಸುಲಿದಾಗ ಅದರ ಸಿಪ್ಪೆಯನ್ನು ದೀಪದ ಕುಡಿಯ ಹತ್ತಿರ ಹಿಂಡಿ, ಚಟಪಟನೆ ಹಾರುವ ಕಿಡಿಗಳನ್ನು ನೋಡಿ ನಕ್ಕದ್ದನ್ನೂ, ತಂಗಿಯ ಕಣ್ಣಿಗೆ ಹಿಂಡಿ ಬೈಸಿಕೊಂಡದ್ದನ್ನೂ ಯಾರು ಮರೆತಾರು? ಹಾಗೆ ಉರಿಯುವುದು ಹಣ್ಣಿನ ರಸವಲ್ಲ; ರಸ ಬೆಂಕಿಯನ್ನು ಆರಿಸುವುದೇ ಹೊರತು ಹೊತ್ತಿಸದು. ಸಿಪ್ಪೆಯ ಹೊರಮೈಯಲ್ಲಿ ಸೂಜಿಮೊನೆಯಷ್ಟು ಚಿಕ್ಕ ಚೀಲಗಳಿದ್ದು, ಅವುಗಳಲ್ಲಿ ಒಂದು ಬಗೆಯ ತೈಲವಿರುತ್ತದೆ. ಈ ತೈಲ ಗಾಳಿಗೆ ಬೇಗನೆ ಹಾರುವಂಥದು. ಹುಳಿ ಅದರಲ್ಲಿ ಸ್ವಲ್ಪವೂ ಇಲ್ಲ. ಹುಳಿ ಒಳಗಿನ ತೊಳೆಯ ರಸದಲ್ಲಿದೆ, ಪರಿಮಳ ಹೊರಗಿನ ಸಿಪ್ಪೆಯ ತೈಲದಲ್ಲಿದೆ. ಒಂದೇ ಹಣ್ಣಿನಲ್ಲಿದ್ದರೂ ಇವೆರಡು ಬೇರೆ ಬೇರೆ ಮನೆಗಳಲ್ಲಿ ವಾಸಿಸುತ್ತವೆ. ತಾಯಂದಿರ ಪ್ರಶ್ನೆಗೆ ಉತ್ತರದ ಮೊದಲ ಭಾಗ ಇದೇ: ಚಹದ ಎಲೆಗೆ ಹಾಕಿದ್ದು ಹಣ್ಣನ್ನಲ್ಲ, ಸಿಪ್ಪೆಯ ತೈಲವನ್ನು.

ಆ ತೈಲವನ್ನು ತೆಗೆಯುವ ಕೆಲಸ ಹಿಂದೆ ಕೈಯಿಂದಲೇ ನಡೆಯುತ್ತಿತ್ತು. ಕೆಲಸಗಾರರು ಹಣ್ಣನ್ನು ಎರಡು ಹೋಳು ಮಾಡಿ, ತಿರುಳು ತೆಗೆದು, ಸಿಪ್ಪೆಯನ್ನು ಸಮುದ್ರದ ಸ್ಪಂಜಿಗೆ ಒತ್ತುತ್ತಿದ್ದರು. ಸ್ಪಂಜು ಹೀರಿದ ತೈಲವನ್ನು ಆಮೇಲೆ ಪಾತ್ರೆಗೆ ಹಿಂಡುತ್ತಿದ್ದರು. ೧೮೪೪ರಲ್ಲಿ ರೆಜ್ಜೊ ಪಟ್ಟಣದ ನಿಕೋಲಾ ಬರಿಲ್ಲಾ ಎಂಬವರು ಇದಕ್ಕೊಂದು ಯಂತ್ರವನ್ನು ಕಂಡುಹಿಡಿದ ಮೇಲೆ ಕೆಲಸ ಹಗುರವಾಯಿತು. ಹೀಗಿದ್ದರೂ ಸುಮಾರು ೨೦೦ ಕಿಲೋ ಹಣ್ಣಿನಿಂದ ಸಿಕ್ಕುವ ತೈಲ ಕೇವಲ ೧ ಕಿಲೋ. ಈ ತೈಲದ ಪರಿಚಯ ಚಹಕ್ಕಿಂತ ಮೊದಲೇ ನಮ್ಮ ಹಳೆಯ ಮನೆಗಳಿಗೆ ಇನ್ನೊಂದು ದಾರಿಯಿಂದ ಆಗಿತ್ತು. ಜ್ವರ ಬಂದಾಗ ಕರವಸ್ತ್ರಕ್ಕೆ ಹನಿಸಿ ಹಣೆಯ ಮೇಲಿಡುತ್ತಿದ್ದ 'ಓಡಿಕೊಲೋನ್' ಎಂಬ ಸುಗಂಧಜಲವನ್ನು ಹಿರಿಯರು ಬಲ್ಲರು. ಜರ್ಮನಿಯ ಕೊಲೋನ್ ಪಟ್ಟಣದಲ್ಲಿ ೧೭೦೯ರಲ್ಲಿ ಅಂಗಡಿಯನ್ನಿಟ್ಟ ಫಾರಿನಾ ಮನೆತನದವರು ಪ್ರಸಿದ್ಧಿಗೆ ತಂದ ಆ ಜಲದ ಮುಖ್ಯ ಪರಿಮಳಗಳಲ್ಲಿ ಬೆರ್ಗಮಾಟಿನದೂ ಒಂದು. ಅರ್ಲ್ ಗ್ರೇ ಚಹದ ಡಬ್ಬಿ ತೆರೆದಾಗ ನಮ್ಮ ಒಬ್ಬ ವೃದ್ಧ ಉಪಾಧ್ಯಾಯಿನಿಯವರು, "ಇದೇನಮ್ಮಾ, ನಮ್ಮ ತಾಯಿಯವರ ಔಷಧದ ಬೀರುವಿನ ವಾಸನೆ!" ಎಂದರು. ಅವರ ಮೂಗು ಸತ್ಯವನ್ನೇ ಹೇಳಿತು.

ಇನ್ನು ಹೆಸರಿನ ವಿಚಾರ. ಇಂಗ್ಲೆಂಡಿನ ಎರಡನೆಯ ಅರ್ಲ್ ಗ್ರೇ ಪ್ರಭುಗಳಾದ ಚಾರ್ಲ್ಸ್ ಗ್ರೇ (೧೭೬೪–೧೮೪೫) ಅವರು ೧೮೩೦ರಿಂದ ೧೮೩೪ರವರೆಗೆ ಪ್ರಧಾನಮಂತ್ರಿಗಳಾಗಿದ್ದರು. ಚರಿತ್ರೆಯಲ್ಲಿ ಅವರ ಹೆಸರು ನಿಂತಿರುವುದು ಚಹದಿಂದಲ್ಲ. ಪಾರ್ಲಿಮೆಂಟಿನ ಚುನಾವಣೆಯನ್ನು ಸುಧಾರಿಸಿದ ೧೮೩೨ರ ಕಾಯಿದೆಯೂ ಬ್ರಿಟಿಷ್ ವಸಾಹತುಗಳ ಬಹುಭಾಗದಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದ ೧೮೩೩ರ ಕಾಯಿದೆಯೂ ಅವರ ಆಡಳಿತದಲ್ಲಿ ಆದವು. ಚೀನದೊಡನೆ ವ್ಯಾಪಾರ ನಡೆಸಲು ಈಸ್ಟ್ ಇಂಡಿಯ ಕಂಪೆನಿಗಿದ್ದ ಏಕಸ್ವಾಮ್ಯವನ್ನು ಕೊನೆಗಾಣಿಸಿದ ಕಾಯಿದೆಯೂ ಅದೇ ೧೮೩೩ರದು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಯಾವ ವರ್ತಕನಾದರೂ ಚೀನದ ಚಹವನ್ನು ತರಿಸಬಹುದಾಯಿತು.

ಈ ಪ್ರಭುಗಳ ಹೆಸರು ಚಹಕ್ಕೆ ಅಂಟಿದ್ದು ಹೇಗೆ? ಒಂದು ಕಥೆ ಉಂಟು. ಚೀನದ ಅಧಿಕಾರಿಯೊಬ್ಬನ ಮಗನು ಸಾಯುವುದರಲ್ಲಿದ್ದಾಗ ಗ್ರೇ ಪ್ರಭುಗಳು, ಅಥವಾ ಅವರ ಕಡೆಯವರು, ಅವನನ್ನು ಉಳಿಸಿದರಂತೆ; ಕೃತಜ್ಞನಾದ ತಂದೆಯು ಈ ಚಹದ ಪಾಕವನ್ನು ಉಡುಗೊರೆಯಾಗಿ ಕೊಟ್ಟನಂತೆ. ಕಥೆ ಇಂಪಾಗಿದೆ. ಆದರೆ ಪ್ರಭುಗಳು ಚೀನಕ್ಕೆ ಹೋದವರೇ ಅಲ್ಲ. ಇನ್ನೊಂದು ಕಥೆಯ ಪ್ರಕಾರ, ನಾರ್ಥಂಬರ್ಲೆಂಡಿನಲ್ಲಿರುವ ಅವರ ಹೊವಿಕ್ ಮನೆಯ ಬಾವಿಯ ನೀರಿನಲ್ಲಿ ಸುಣ್ಣದ ಅಂಶವಿದ್ದುದರಿಂದ ಅದರ ರುಚಿಯನ್ನು ಮರೆಸಲು ಈ ಪರಿಮಳವನ್ನು ಕೂಡಿಸಿದರೆಂದು ಹೇಳುವರು. ಲಂಡನ್ನಿನ ಹಳೆಯ ಚಹದ ಅಂಗಡಿಗಳಲ್ಲಿ ಒಂದಕ್ಕಿಂತ ಹೆಚ್ಚು, 'ಮೂಲಪಾಕ ನಮ್ಮದೇ' ಎಂದು ವಾದಿಸಿದ್ದುಂಟು. ಚರಿತ್ರೆಯನ್ನು ಶೋಧಿಸಿದವರಿಗೆ ದೊರೆತ ಸಂಗತಿ ಇಷ್ಟು ಇಂಪಾದುದಲ್ಲ. ಚಹಕ್ಕೆ ಬೆರ್ಗಮಾಟ್ ಬೆರಸುವ ಮಾತು ೧೮೨೪ರಷ್ಟು ಹಿಂದೆಯೇ ಅಚ್ಚಿನಲ್ಲಿ ಕಾಣುತ್ತದೆ. ಅದು ಹೊಗಳಿಕೆಯಾಗಿ ಅಲ್ಲ, ಕೀಳುತರದ ಚಹವನ್ನು ಮೇಲುತರದ್ದೆಂದು ತೋರಿಸುವ ಉಪಾಯವಾಗಿ. ೧೮೩೭ರಲ್ಲಿ ಒಂದು ವರ್ತಕ ಸಂಸ್ಥೆಯವರು ಹೀಗೆ ಕೃತಕ ಪರಿಮಳ ಕೂಡಿಸಿದ ಚಹವನ್ನು ಸರಬರಾಜು ಮಾಡಿದರೆಂಬ ಕಾರಣದಿಂದ ವಿಚಾರಣೆಗೂ ಗುರಿಯಾದರು. ಪ್ರಭುಗಳ ಹೆಸರಿನ ಚಹ ಜಾಹೀರಾತುಗಳಲ್ಲಿ ಪ್ರಸಿದ್ಧಿಗೆ ಬಂದದ್ದು ೧೮೮೦ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಸುಮಾರು ನಾಲ್ವತ್ತು ವರ್ಷಗಳಾಗಿದ್ದವು. ಹೀಗೆ ಒಂದು ಕಾಲದಲ್ಲಿ ಮೋಸದ ಉಪಾಯವಾಗಿದ್ದದ್ದು ಇನ್ನೊಂದು ಕಾಲದಲ್ಲಿ ಮರ್ಯಾದಸ್ಥರ ಮೇಜಿನ ಪಾನೀಯವಾಯಿತು. ಬೆರಕೆಯನ್ನು ಮರೆಮಾಚಿದಾಗ ಅದು ವಂಚನೆ. ಡಬ್ಬಿಯ ಮೇಲೆ ಬರೆದು ಮಾರಿದಾಗ ಅದು ಪಾಕಕಲೆ. ಭೇದವಿರುವುದು ತೈಲದಲ್ಲಲ್ಲ, ಮಾತಿನ ಪ್ರಾಮಾಣಿಕತೆಯಲ್ಲಿ.

ಒಳ್ಳೆಯ ಚಹಕ್ಕೆ ಈ ತೈಲ ಅಷ್ಟು ಚೆನ್ನಾಗಿ ಹೊಂದುವುದೇಕೆ? ಇದಕ್ಕೂ ಕಾರಣವುಂಟು. ಗಿಡದಿಂದ ಕಿತ್ತ ಹಸಿರು ಕುಡಿಯನ್ನು ಮೊದಲು ಬಾಡಿಸಿ, ಆಮೇಲೆ ಹೊಸೆದು, ಗಾಳಿಗೆ ಹರಡಿ, ಕಡೆಗೆ ಬಿಸಿಗಾಳಿಯಲ್ಲಿ ಒಣಗಿಸಿದರೆ ಕಪ್ಪು ಚಹವಾಗುವುದು. ಹೊಸೆದಾಗ ಎಲೆಯ ರಸ ಗಾಳಿಯೊಡನೆ ಕೂಡಿ ಕೆಂಪು ಬಣ್ಣವೂ ಒಗರೂ ಹುಟ್ಟುತ್ತವೆ. ಅದರೊಡನೆ ಪರಿಮಳದ ಹಲವು ಅಂಶಗಳೂ ಹೊರಬೀಳುತ್ತವೆ. ಅವುಗಳಲ್ಲಿ ಲಿನಲೂಲ್ ಎಂಬುದು ಒಂದು. ಹೂವಿನಂತೆ ಕಂಪುಬೀರುವ ಈ ಲಿನಲೂಲ್ ಬೆರ್ಗಮಾಟ್ ತೈಲದಲ್ಲಿಯೂ ಇದೆ. ಅದರ ಹತ್ತಿರದ ಸಂಬಂಧಿಯಾದ ಲಿನಲೈಲ್ ಅಸಿಟೇಟ್ ಎಂಬುದು ಇನ್ನೂ ಹೆಚ್ಚಾಗಿದೆ. ಆದುದರಿಂದ ಎಲೆಗೂ ತೈಲಕ್ಕೂ ಮೊದಲೇ ಬಳಕೆಯಿದ್ದಂತಾಯಿತು. ಕಿತ್ತಳೆಯ ತೈಲದಲ್ಲಾದರೋ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಲಿಮೊನೀನ್ ಎಂಬ ಒಂದೇ ಪದಾರ್ಥ. ಅದು ಹರ್ಷಕರವಾದರೂ ಬೆರ್ಗಮಾಟಿನಷ್ಟು ಮೃದುವಲ್ಲ. ನಮ್ಮ ಅಡಿಗೆಮನೆಯಲ್ಲಿ ಲಿನಲೂಲನ್ನು ಕಾಣಬೇಕೆಂದರೆ ಕೊತ್ತಂಬರಿ ಬೀಜವನ್ನು ಕುಟ್ಟಿ ಮೂಸಿದರೆ ಸಾಕು. ಆ ಬೀಜದ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅದೇ. ಮಲೆನಾಡಿನ ಅಜ್ಜಿಯರು ಮಳೆಚಳಿಯಲ್ಲಿ ಕಾಯಿಸಿಕೊಡುತ್ತಿದ್ದ ಕೊತ್ತಂಬರಿ ಜೀರಿಗೆಯ ಕಷಾಯಕ್ಕೂ ಇಂಗ್ಲೆಂಡಿನ ಪ್ರಭುಗಳ ಹೆಸರಿನ ಚಹಕ್ಕೂ ಹೀಗೊಂದು ನಂಟು ಉಂಟೆಂಬುದು ನಮಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಇನ್ನು ರುಚಿ ನೋಡುವ ಕ್ರಮವನ್ನು ಹೇಳುತ್ತೇವೆ. ನಮ್ಮಲ್ಲಿ ಚಹವನ್ನು ಹಾಲು ಸಕ್ಕರೆಗಳೊಡನೆ ಒಲೆಯ ಮೇಲೆ ಕುದಿಸುವುದು ರೂಢಿ. ಕಡು ಚಹಕ್ಕೆ ಅದು ಸರಿಯೇ. ಆದರೆ ಹಾರುವ ತೈಲವನ್ನು ನಂಬಿದ ಚಹವನ್ನು ಹಾಗೆ ಕುದಿಸಿದರೆ ಪರಿಮಳ ಅಡಿಗೆಮನೆಯ ಗಾಳಿಗೂ ಒಗರು ಕುಡಿಯುವವರ ಪಾಲಿಗೂ ಸೇರುತ್ತದೆ. ಆದುದರಿಂದ ಒಬ್ಬರಿಗೆ ಒಂದು ಸಣ್ಣ ಚಮಚದಷ್ಟು ಎಲೆಯನ್ನು ಪಿಂಗಾಣಿ ಪಾತ್ರೆಗೆ ಹಾಕಿ, ಆಗ ತಾನೇ ಕುದಿಬಂದ ನೀರನ್ನು ಸುರಿದು, ಮುಚ್ಚಳ ಮುಚ್ಚಿ, ಮೂರು ನಿಮಿಷ ಬಿಟ್ಟು ಸೋಸಬೇಕು. ಮುಚ್ಚಳವನ್ನು ಮರೆಯಬಾರದು. ಮೊದಲ ಬಟ್ಟಲಿಗೆ ಹಾಲನ್ನೂ ಸಕ್ಕರೆಯನ್ನೂ ಹಾಕದಿರುವುದು ಮೇಲು. ರುಚಿ ನೋಡಿದ ತರುವಾಯ ಅವರವರ ಇಷ್ಟ. ಡಬ್ಬಿಯನ್ನು ಸಾಂಬಾರ ಪುಡಿಯ ಪಕ್ಕದಲ್ಲಿ ಇಡಬಾರದು. ಚಹದ ಎಲೆ ನೆರೆಹೊರೆಯ ವಾಸನೆಯನ್ನೆಲ್ಲ ಹೀರಿಕೊಳ್ಳುವ ಸ್ವಭಾವದ್ದು. ಚೀನದವರು ಎಲೆಯ ಈ ಗುಣವನ್ನೇ ಉಪಯೋಗಿಸಿಕೊಂಡು ಚಹವನ್ನು ಮಲ್ಲಿಗೆಯ ಮೊಗ್ಗುಗಳೊಡನೆ ಇಟ್ಟು ಪರಿಮಳಗೊಳಿಸುತ್ತಾರೆ.

ಬಟ್ಟಲು ಕೈಗೆ ಬಂದೊಡನೆ ಕುಡಿಯದೆ, ಮೊದಲು ಬಣ್ಣವನ್ನು ನೋಡಬೇಕು. ಆಮೇಲೆ ಹಬೆಯನ್ನು ಮೂಸಬೇಕು. ಚಳಿಯ ದಿನ ಇದಕ್ಕೆ ಅತ್ಯುತ್ತಮವಾದ ಕಾಲ. ತಣ್ಣನೆಯ ಗಾಳಿಯಲ್ಲಿ ಹಬೆ ಕಣ್ಣಿಗೂ ಕಾಣುವುದು, ಮೂಗಿಗೂ ಹಿತವಾಗುವುದು. ಶಾಖವೇ ಪರಿಮಳವನ್ನು ಎಲೆಯಿಂದ ಎಬ್ಬಿಸಿ ನಮ್ಮ ಬಳಿಗೆ ಕರೆತರುವ ವಾಹನ. ಅದೇ ಚಹ ಆರಿದ ಮೇಲೆ ಅರ್ಧ ಮೂಕವಾಗುವುದು. ಹಾಗೆಂದು ಬಾಯಿ ಸುಡುವಷ್ಟು ಬಿಸಿಯಾಗಿ ಕುಡಿಯಕೂಡದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು, ೬೫ ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಬಿಸಿ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಪ್ರಾಯಶಃ ಕಾರಣವಾಗುವವೆಂದು ೨೦೧೬ರಲ್ಲಿ ಎಚ್ಚರಿಸಿದೆ. ಐದು ನಿಮಿಷದ ತಾಳ್ಮೆಯಿಂದ ನಾಲಿಗೆಯೂ ಅನ್ನನಾಳವೂ ಉಳಿಯುವವು.

ಕುಡಿಯುವಾಗ ಸ್ವಲ್ಪ ಗಾಳಿಯೊಡನೆ ಹೀರಬೇಕು. ಚಹದ ಪರೀಕ್ಷಕರು ದಿನಕ್ಕೆ ನೂರಾರು ಬಟ್ಟಲುಗಳನ್ನು 'ಸೊರ್' ಎಂದು ಸದ್ದು ಮಾಡಿಯೇ ಹೀರಿ ಉಗುಳುತ್ತಾರೆ. ಊಟದ ಮನೆಯಲ್ಲಿ ಸದ್ದು ಮಾಡಕೂಡದೆಂದು ತಲೆಮಾರುಗಳಿಂದ ಕಲಿಸುತ್ತ ಬಂದಿರುವ ನಮ್ಮ ಶಾಲೆಯವರು ಇದನ್ನು ಹೇಳುವುದು ವಿನೋದವೇ ಸರಿ. ಆದರೂ ಅದಕ್ಕೆ ಅರ್ಥವಿದೆ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವೇ ರುಚಿಗಳು. ನಮ್ಮ ಹಿರಿಯರು ಷಡ್ರಸಗಳಲ್ಲಿ ಎಣಿಸಿದ ಒಗರು ಬಾಯ ಒಳಮೈಗೆ ತಿಳಿಯುವ ಒಂದು ಬಗೆಯ ಸ್ಪರ್ಶವೆಂದು ಈಗಿನ ಶರೀರಶಾಸ್ತ್ರಜ್ಞರಲ್ಲಿ ಹಲವರ ಅಭಿಪ್ರಾಯ. ನಿಂಬೆ, ಏಲಕ್ಕಿ, ಮಲ್ಲಿಗೆ ಎಂದು ನಾವು ಗುರುತಿಸುವುದೆಲ್ಲ ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳ. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದು ಇದರಿಂದಲೇ. ೨೦೨೦ರಿಂದೀಚೆಗೆ ಕೋವಿಡ್ ರೋಗ ತಗಲಿದವರಲ್ಲಿ ಅನೇಕರು ವಾಸನೆಯನ್ನು ಕಳೆದುಕೊಂಡು, 'ಅನ್ನ ಮಣ್ಣಿನಂತಾಯಿತು' ಎಂದು ದುಃಖಪಟ್ಟದ್ದನ್ನು ನಾವೆಲ್ಲ ಕೇಳಿದ್ದೇವೆ. ಗಾಳಿಯೊಡನೆ ಹೀರಿದರೆ ಪರಿಮಳ ಮೂಗಿಗೆ ಬೇಗ ಏರುವುದು. ಪರೀಕ್ಷಕರ ಸದ್ದಿನ ಗುಟ್ಟು ಇಷ್ಟೇ.

ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲೆಂದು, ಕಳೆದ ಮಾಗಿಯ ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯವರನ್ನು ಗೃಹವಿಜ್ಞಾನದ ಕೋಣೆಯಲ್ಲಿ ಸೇರಿಸಿದೆವು. ಇಂಗ್ಲೆಂಡಿನಲ್ಲಿರುವ ಒಬ್ಬ ಪೂರ್ವ ವಿದ್ಯಾರ್ಥಿನಿ ಕಳುಹಿಸಿದ ಚಹವೂ ನಮ್ಮ ನೀಲಗಿರಿಯ ಸಾಮಾನ್ಯ ಚಹವೂ ಸಿದ್ಧವಾಗಿದ್ದವು. ಮೂರು ಗಾಜಿನ ಲೋಟಗಳನ್ನಿಟ್ಟೆವು. ಒಂದರಲ್ಲಿ ಬರಿಯ ಚಹ. ಎರಡನೆಯದರಲ್ಲಿ ಅದೇ ಚಹಕ್ಕೆ ನಿಂಬೆಯ ರಸ. ಮೂರನೆಯದರಲ್ಲಿ ಬೆರ್ಗಮಾಟ್ ಚಹ. ನಿಂಬೆಯ ರಸ ಬಿದ್ದೊಡನೆ ಎರಡನೆಯ ಲೋಟದ ಕೆಂಗಂದು ಬಣ್ಣ ತಿಳಿಯಾಗಿ ಹೊಂಬಣ್ಣಕ್ಕೆ ಇಳಿಯಿತು. ಚಹದ ಬಣ್ಣಕ್ಕೆ ಕಾರಣವಾದ ಪದಾರ್ಥಗಳು ಹುಳಿ ಸೇರಿದಾಗ ಹೀಗೆ ಮಾರ್ಪಡುತ್ತವೆ. ಮೂರನೆಯ ಲೋಟ ನಿಂಬೆಯಂತೆ ಘಮಘಮಿಸುತ್ತಿದ್ದರೂ ಬಣ್ಣ ಕದಲಲಿಲ್ಲ. ಹಾಲು ಹಾಕಿದಾಗ ಎರಡನೆಯದು ಒಡೆಯಿತು, ಮೂರನೆಯದು ಒಡೆಯಲಿಲ್ಲ. ಆಮೇಲೆ ಹುಡುಗಿಯರು ಮೂಗು ಹಿಡಿದುಕೊಂಡು ಬರಿಯ ಚಹವನ್ನೂ ಬೆರ್ಗಮಾಟ್ ಚಹವನ್ನೂ ಕುಡಿದರು. ಎರಡಕ್ಕೂ ಭೇದವಿಲ್ಲವೆಂದರು, ಬರಿ ಕಹಿ, ಬರಿ ಒಗರು. ಮೂಗು ಬಿಟ್ಟ ಕ್ಷಣದಲ್ಲಿಯೇ "ಬಂತು, ಬಂತು!" ಎಂಬ ಕೂಗೆದ್ದಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮೆಲ್ಲನೆ, "ಹಾಗಾದರೆ ಮೇಡಂ, ಇದರಲ್ಲಿ ನಿಂಬೆಯ ಹೆಸರಿದೆ, ನಿಂಬೆಯ ಗುಣ ಇಲ್ಲ" ಎಂದಳು. ಆ ದಿನದ ಪಾಠವನ್ನು ಆಕೆಯೇ ಮುಗಿಸಿದಳೆಂದು ಹೇಳಬೇಕು.

ಆ ಮಾತನ್ನು ಹಿಡಿದು ನಾವು ಮುಂದಿನ ಪ್ರಶ್ನೆ ಕೇಳಿದೆವು: "ಈ ದಿನ ಬೆಳಿಗ್ಗೆ ನೀವು ಏನು ತಿಂದು ಬಂದಿರಿ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಕೆಲವರು ಇಡ್ಲಿ, ರೊಟ್ಟಿ, ಉಪ್ಪಿಟ್ಟು ತಿಂದು ಚಹ ಕುಡಿದು ಬಂದಿದ್ದರು. ಕೆಲವರು ಒಂದು ಲೋಟ ಚಹ, ಎರಡು ಬಿಸ್ಕತ್ತು. ಇನ್ನು ಕೆಲವರು ಬರಿಯ ಚಹ. "ಚಳಿ, ಮೇಡಂ, ಬಿಸಿ ಚಹ ಕುಡಿದರೆ ಹೊಟ್ಟೆ ತುಂಬಿದ ಹಾಗಾಗುತ್ತದೆ" ಎಂದಳು ಒಬ್ಬಳು. ಈ 'ಹಾಗಾಗುತ್ತದೆ' ಎಂಬ ಮಾತಿನಲ್ಲಿಯೇ ಅಪಾಯವಿದೆ. ಹೊಟ್ಟೆ ಬೆಚ್ಚಗಾಯಿತು, ತುಂಬಲಿಲ್ಲ. ನಿಂಬೆಯ ಪರಿಮಳವನ್ನು ನಿಂಬೆಯೆಂದು ತಿಳಿಯುವುದಕ್ಕೂ ಚಹದ ಶಾಖವನ್ನು ಆಹಾರವೆಂದು ತಿಳಿಯುವುದಕ್ಕೂ ಏನು ವ್ಯತ್ಯಾಸ?

ಮಾತಾಪಿತೃಗಳು ಇಲ್ಲಿ ಸ್ವಲ್ಪ ಲಕ್ಷ್ಯಗೊಡಬೇಕೆಂದು ಬೇಡುತ್ತೇವೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೧೯ ವರ್ಷದೊಳಗಿನ ಹುಡುಗಿಯರಲ್ಲಿ ನೂರಕ್ಕೆ ಸುಮಾರು ೫೯ ಮಂದಿಗೆ ರಕ್ತಹೀನತೆ ಇದ್ದಿತು. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವವಳನ್ನು ಸೋಮಾರಿಯೆಂದು ಗದರಿಸುವ ಮುಂಚೆ ಆಕೆಯ ಕಣ್ಣಿನ ಕೆಳರೆಪ್ಪೆಯ ಬಣ್ಣವನ್ನು ನೋಡುವುದು ಒಳ್ಳೆಯದು. ರಕ್ತಹೀನತೆಗೆ ಕಾರಣಗಳು ಹಲವು. ಆಹಾರದಲ್ಲಿಯ ಕಬ್ಬಿಣಾಂಶ ದೇಹಕ್ಕೆ ಸಾಲದಿರುವುದು ಅವುಗಳಲ್ಲಿ ಮುಖ್ಯವಾದುದು. ರಾಗಿ, ಕಾಳುಗಳು, ಸೊಪ್ಪುಗಳಲ್ಲಿ ಇರುವ ಕಬ್ಬಿಣಾಂಶವನ್ನು ದೇಹ ಮೊದಲೇ ಕಷ್ಟದಿಂದ ಹೀರಿಕೊಳ್ಳುತ್ತದೆ. ಅಂಥ ಊಟದೊಡನೆ ಚಹ ಕುಡಿದರೆ, ಅದಕ್ಕೆ ಒಗರು ಕೊಡುವ ಪದಾರ್ಥಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು, ದೇಹಕ್ಕೆ ಸೇರಬೇಕಾದ ಪಾಲನ್ನು ಅರ್ಧಕ್ಕಿಂತಲೂ ಕಡಮೆ ಮಾಡಬಲ್ಲವು. ನಿಂಬೆಯ ರಸದ ಕೆಲಸ ಇದಕ್ಕೆ ವಿರುದ್ಧ. ಅದರಲ್ಲಿಯ ಹುಳಿಯೂ ಸಿ ಜೀವಸತ್ವವೂ ಕಬ್ಬಿಣಾಂಶವು ದೇಹಕ್ಕೆ ಸೇರುವಂತೆ ಸಹಾಯ ಮಾಡುತ್ತವೆ. ಆದರೆ ಈ ಸಹಾಯ ಇರುವುದು ರಸದಲ್ಲಿ, ಪರಿಮಳದಲ್ಲಲ್ಲ. ಬೆರ್ಗಮಾಟ್ ಚಹ ಎಷ್ಟೇ ನಿಂಬೆಯಂತೆ ಘಮಿಸಲಿ, ಅದು ಚಹವೇ. ಅದರ ತೈಲದಲ್ಲಿ ಸಿ ಜೀವಸತ್ವವಿಲ್ಲ.

ಹೀಗಿರುವುದರಿಂದ ಮನೆಗಳಲ್ಲಿ ಅನುಸರಿಸಬಹುದಾದ ಕೆಲವು ಸುಲಭವಾದ ಮಾತುಗಳನ್ನು ಹೇಳುತ್ತೇವೆ. ತಿಂಡಿ ಊಟಗಳಿಗೂ ಚಹಕ್ಕೂ ಒಂದು ಗಂಟೆಯ ಅಂತರವಿರಲಿ. ಸೊಪ್ಪಿನ ಪಲ್ಯ, ಕೋಸಂಬರಿ, ಕಾಳಿನ ಉಸಲಿಗಳಿಗೆ ಬಡಿಸುವಾಗ ನಿಂಬೆಹಣ್ಣು ಹಿಂಡಿರಿ. ಒಲೆಯ ಮೇಲೆ ಕುದಿಯುವಾಗ ಹಿಂಡಿದರೆ ಜೀವಸತ್ವದ ಒಂದು ಭಾಗ ನಷ್ಟವಾಗುವುದು. ಶಾಲೆಯಲ್ಲಾಗಲಿ ವೈದ್ಯರಲ್ಲಾಗಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಚಹದೊಡನೆ ನುಂಗಲು ಬಿಡಬೇಡಿರಿ. ಚಳಿಯ ಬೆಳಿಗ್ಗೆ ಹುಡುಗಿಗೆ ಬಿಸಿಯಾದದ್ದು ಏನಾದರೂ ಬೇಕೇ ಬೇಕಾದರೆ ರಾಗಿಯ ಗಂಜಿಯನ್ನು ಕೊಡಿರಿ, ಇಲ್ಲವೆ ಅಜ್ಜಿಯ ಕೊತ್ತಂಬರಿ ಕಷಾಯವನ್ನು ತಿಂಡಿಯೊಡನೆ ಕೊಡಿರಿ. ಚಹ ಸಂಜೆಗೆ ಇರಲಿ.

ಚಹವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಮಿತವಾಗಿ ಕುಡಿಯುವ ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ. ಅತಿಯಾದರೆ ಮಾತ್ರ ಈ ಸೌಮ್ಯವಾದ ಪರಿಮಳವೂ ಸುಮ್ಮನಿರದು. ದಿನಕ್ಕೆ ೪ ಲೀಟರಿನವರೆಗೆ ಅರ್ಲ್ ಗ್ರೇ ಚಹ ಕುಡಿಯುತ್ತಿದ್ದ ಆಸ್ಟ್ರಿಯ ದೇಶದ ಒಬ್ಬ ಪುರುಷನಿಗೆ ಸ್ನಾಯುಗಳ ಸೆಳೆತ ಹತ್ತಿತೆಂದೂ, ಆ ಚಹವನ್ನು ಬಿಟ್ಟು ಬರಿಯ ಚಹಕ್ಕೆ ತಿರುಗಿದ ಮೇಲೆ ಅದು ವಾಸಿಯಾಯಿತೆಂದೂ ೨೦೦೨ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆ ಲ್ಯಾನ್ಸೆಟ್ ವರದಿಮಾಡಿತು. ಬೆರ್ಗಮಾಟಿನಲ್ಲಿರುವ ಬೆರ್ಗಾಪ್ಟೆನ್ ಎಂಬ ಪದಾರ್ಥವೇ ಇದಕ್ಕೆ ಕಾರಣವಾಗಿರಬಹುದೆಂದು ವೈದ್ಯರು ಊಹಿಸಿದರು. ಒಂದೆರಡು ಬಟ್ಟಲು ಕುಡಿಯುವವರು ಇದರಿಂದ ಹೆದರಬೇಕಾಗಿಲ್ಲ. ಕೊಳ್ಳುವಾಗ ಮಾತ್ರ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿರಿ. ಬೆರ್ಗಮಾಟ್ ತೈಲವೆಂದು ಬರೆದಿದ್ದರೆ ಒಂದು ಮಾತು. ಬರಿಯ 'ಸುವಾಸನೆ ಕೂಡಿಸಿದೆ' ಎಂದಿದ್ದರೆ ಅದು ಹಣ್ಣಿನಿಂದ ಬಂದದ್ದೋ ಕಾರ್ಖಾನೆಯಲ್ಲಿ ಮಾಡಿದ್ದೋ ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಉಂಟು.

ಸಾಗರದಾಚೆಯ ಡಬ್ಬಿ ದೊರೆಯದವರು ಬೇಸರಪಡಬೇಕಾಗಿಲ್ಲ. ಒಳ್ಳೆಯ ಕಿತ್ತಳೆಯ ಸಿಪ್ಪೆಯನ್ನು ಚೆನ್ನಾಗಿ ತೊಳೆದು, ಒಳಗಿನ ಬಿಳಿಯ ಕಹಿಭಾಗವನ್ನು ಹೆರೆದು ತೆಗೆದು, ಹೆಬ್ಬೆರಳ ಉಗುರಿನಷ್ಟು ಚೂರನ್ನು ಚಹದ ಎಲೆಯೊಡನೆ ಹಾಕಿ ಬಿಸಿನೀರು ಸುರಿದರೆ, ಬೆರ್ಗಮಾಟಿನಷ್ಟು ನಯವಲ್ಲದಿದ್ದರೂ ಮನಸ್ಸಿಗೆ ಹಿತವಾದ ಪಾನೀಯ ದೊರೆಯುವುದು. ಉಳಿದ ಸಿಪ್ಪೆಯಿಂದ ಗೊಜ್ಜು ಮಾಡುವ ವಿಧಾನವನ್ನು ನಮ್ಮ ತಾಯಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹಣ್ಣನ್ನು ಮಾತ್ರ ಮಕ್ಕಳು ತಿನ್ನಲಿ, ಏಕೆಂದರೆ ಸತ್ವವಿರುವುದು ಅದರಲ್ಲಿ.

ನಮ್ಮ ಹೆಣ್ಣುಮಕ್ಕಳು ನಾಳೆ ತಮ್ಮ ತಮ್ಮ ಮನೆಗಳನ್ನು ನಡೆಸುವವರು, ಕಚೇರಿಗಳಲ್ಲಿ ಸಹಿ ಹಾಕುವವರು, ಮತ ಕೊಡುವವರು. ಪ್ರಸಿದ್ಧವಾದ ಹೆಸರು, ಇಂಪಾದ ಕಥೆ, ಮೋಹಕವಾದ ಪರಿಮಳ ಇವು ಮೂರೂ ಒಟ್ಟಾಗಿ ಅವರ ಮುಂದೆ ಎಷ್ಟೋ ಸಾರಿ ಬಂದು ನಿಲ್ಲುವವು. ಆಗ ಅವರು ಪರಿಮಳವನ್ನು ಸಂತೋಷದಿಂದ ಆಘ್ರಾಣಿಸಲಿ. ಆದರೆ ಸತ್ವವೆಲ್ಲಿದೆಯೆಂದು ಒಂದು ಗಳಿಗೆ ನಿಂತು ಕೇಳಲಿ. ರುಚಿ ನೋಡುವುದೆಂದರೆ ಚಪಲವಲ್ಲ, ವಿವೇಚನೆ. ಈ ವಿವೇಚನೆಯ ಅಭ್ಯಾಸ ಮನೆಯ ಅಡಿಗೆಕಟ್ಟೆಯಿಂದಲೇ ಆರಂಭವಾಗಲೆಂದೂ, ನಾಳೆ ಬೆಳಿಗ್ಗೆ ಶಾಲೆಗೆ ಹೊರಡುವ ಪ್ರತಿಯೊಬ್ಬ ಹುಡುಗಿಯೂ ಹೊಟ್ಟೆತುಂಬ ಉಂಡು ಬರಲೆಂದೂ ನಾವು ಹಾರೈಸುತ್ತೇವೆ.